ಕೋವಿಯ ಅಳತೆ, ಮೃಗದ ನೋವು

ಗದ್ದೆ ತೋಟಗಳಿಗೆ ಜಿಂಕೆ, ಕಡವೆ, ಹಂದಿಗಳ ಹಾವಳಿಯ ಮಾತು ಬಂದಾಗಲೆಲ್ಲ ನಮ್ಮ ಊರಿನ ಸಭೆಗಳಲ್ಲಿ ಒಂದು ವಾದ ತಪ್ಪದೆ ಕೇಳಿಬರುತ್ತದೆ: “ಹೊರದೇಶಗಳಲ್ಲಿ ಜಿಂಕೆ ಹೊಡೆಯಲು ಸರ್ಕಾರವೇ ಅನುಮತಿ ಕೊಡುತ್ತದೆ. ನಮಗೇಕಿಲ್ಲ?” ಪರಿಸರದ ಪರವಾಗಿರುವವರು ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವುದುಂಟು. ಒಂದೇ ರಾತ್ರಿಯಲ್ಲಿ ನಾಟಿ ಮಾಡಿದ ಗದ್ದೆಯನ್ನು ಕಳೆದುಕೊಂಡ ರೈತನ ಮುಂದೆ ನಿಂತು ಹಾಗೆ ನಗುವ ಅಧಿಕಾರ ನಮಗಿಲ್ಲ. ಆದರೆ ಆ ದೇಶಗಳಲ್ಲಿ ಅನುಮತಿ ಎಂಬುದು ಯಾವ ಷರತ್ತುಗಳೊಂದಿಗೆ ಬರುತ್ತದೆ ಎಂಬುದನ್ನು ತಿಳಿಯದೆ ಈ ವಾದವನ್ನು ಒಪ್ಪುವುದೂ ವಿರೋಧಿಸುವುದೂ ಸರಿಯಲ್ಲ. ಮೊದಲ ಷರತ್ತು ಕೋವಿಯ ನಳಿಗೆಯಲ್ಲೇ ಇದೆ. ಆದ್ದರಿಂದ ಈ ಬಾರಿ, ನಮ್ಮ ಪತ್ರಿಕೆಗೆ ಒಗ್ಗದ ವಿಷಯವೆಂದು ಕೆಲವರಿಗೆ ಅನ್ನಿಸಿದರೂ, ಜಿಂಕೆಯ ಬೇಟೆಗೆ ಎಂಥ ಕೋವಿ ಎಂಬುದನ್ನೇ ಚರ್ಚೆಗೆ ಎತ್ತಿಕೊಂಡಿದ್ದೇವೆ.

ಸ್ಕಾಟ್ಲೆಂಡನ್ನು ತೆಗೆದುಕೊಳ್ಳೋಣ. ಅದೂ ಗುಡ್ಡಗಾಡಿನ ನಾಡು. ಅಲ್ಲಿ ತೋಳಗಳು ನಿರ್ನಾಮವಾಗಿ ಶತಮಾನಗಳೇ ಕಳೆದಿವೆ. ಹುಲಿ, ಚಿರತೆ, ಸೀಳುನಾಯಿಗಳಿರುವ ನಮ್ಮ ಕಾಡಿಗೂ ಆ ಬೋಳುಗುಡ್ಡಗಳಿಗೂ ಇರುವ ಮುಖ್ಯ ವ್ಯತ್ಯಾಸ ಇದೇ. 1990ರಲ್ಲಿ ಸುಮಾರು ಐದು ಲಕ್ಷವೆಂದು ಅಂದಾಜಿಸಲಾಗಿದ್ದ ಜಿಂಕೆಗಳ ಸಂಖ್ಯೆ 2020ರ ಹೊತ್ತಿಗೆ ಹತ್ತು ಲಕ್ಷದವರೆಗೆ ಮುಟ್ಟಿರಬಹುದೆಂದು ಅಲ್ಲಿನ ಸರ್ಕಾರವೇ ಹೇಳಿದೆ. ಚಿಗುರಿದ ಸಸಿಯನ್ನೆಲ್ಲ ಜಿಂಕೆ ಮೇಯುವುದರಿಂದ ಕಾಡು ಮರಳಿ ಬೆಳೆಯುತ್ತಿಲ್ಲ. ಹಾಗಾಗಿ ಅಲ್ಲಿ ಕಾಡು ಬೆಳೆಸಬೇಕೆನ್ನುವವರೇ ಜಿಂಕೆಗಳನ್ನು ಕಡಿಮೆ ಮಾಡಬೇಕೆಂದು ಒತ್ತಾಯಿಸುತ್ತಾರೆ.

ಇಷ್ಟೆಲ್ಲ ಇದ್ದರೂ ಕೈಗೆ ಸಿಕ್ಕ ಕೋವಿಯಿಂದ ಹೊಡೆಯುವಂತಿಲ್ಲ. 1985ರ ಆದೇಶವೊಂದರ ಪ್ರಕಾರ ಕೆಂಪು ಜಿಂಕೆಗೆ ಬಳಸುವ ರೈಫಲ್ಲಿನ ಗುಂಡು ಕನಿಷ್ಠ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ ತೂಗಬೇಕಿತ್ತು. ಅದು ನಳಿಗೆಯಿಂದ ಸೆಕೆಂಡಿಗೆ 2,450 ಅಡಿಗಿಂತ ಕಡಿಮೆಯಿಲ್ಲದ ವೇಗದಲ್ಲಿ ಹೊರಡಬೇಕು, ಅದರ ಶಕ್ತಿ 1,750 ಅಡಿ-ಪೌಂಡಿಗಿಂತ ಕಡಿಮೆ ಇರಬಾರದು. ಜೊತೆಗೆ ಅದು ದೇಹವನ್ನು ಹೊಕ್ಕೊಡನೆ ಅರಳಿಕೊಳ್ಳುವಂಥ ಗುಂಡಾಗಿರಬೇಕು. ನಮ್ಮ ಕಾಡುಕುರಿಯಷ್ಟೇ ಗಾತ್ರದ ರೋ ಜಿಂಕೆಗೆ 50 ಗ್ರೇನ್ ಗುಂಡು, 1,000 ಅಡಿ-ಪೌಂಡ್ ಶಕ್ತಿ ಸಾಕು. ಬೆಳೆಹಾನಿಯ ಸಂದರ್ಭದಲ್ಲಿ ರೈತನಿಗೆ ಚರೆಕೋವಿಯ ಬಳಕೆಗೂ ಅವಕಾಶವುಂಟು, ಆದರೆ ಆ ಚರೆಯ ಗಾತ್ರವನ್ನೂ ಕಾನೂನೇ ಗೊತ್ತುಮಾಡಿದೆ. ಗಡಿ ದಾಟಿ ಇಂಗ್ಲೆಂಡಿಗೆ ಬಂದರೆ ಅದೇ ರೋ ಜಿಂಕೆಗೆ 0.240 ಅಂಗುಲಕ್ಕಿಂತ ಕಿರಿದಾದ ನಳಿಗೆ ನಿಷಿದ್ಧ. ನಮ್ಮ ಕಾಡುಕುರಿಯ ಚೀನಾ ದೇಶದ ದಾಯಾದಿಯೊಂದು ಅಲ್ಲಿ ತೋಟಗಳಿಂದ ತಪ್ಪಿಸಿಕೊಂಡು ಹಬ್ಬಿದೆ. ಅದಕ್ಕೆ 2007ರಿಂದ ಇನ್ನೂ ಸಣ್ಣ ಕೋವಿಗೆ ಸಮ್ಮತಿ ದೊರೆತಿದೆ.

ಸಣ್ಣ ನಳಿಗೆಯ ಕೋವಿಯ ಪ್ರಶ್ನೆ ಹುಟ್ಟುವುದು ಈ ಕನಿಷ್ಠ ಮಿತಿಯ ಅಂಚಿನಲ್ಲಿ. ಅಲ್ಲಿ ಹೆಚ್ಚು ಬಳಕೆಯಲ್ಲಿರುವ ‘.243 ವಿಂಚೆಸ್ಟರ್’ ಎಂಬ ತೋಟಾ 1955ರಲ್ಲಿ ಬಂದದ್ದು. ಗುಂಡಿನ ದಪ್ಪ ಆರು ಮಿಲಿಮೀಟರಿಗಿಂತ ಕೊಂಚ ಹೆಚ್ಚು, ಪೆನ್ಸಿಲ್ಲಿಗಿಂತ ತೆಳುವು. 100 ಗ್ರೇನ್ ಗುಂಡನ್ನು ಅದು ಸೆಕೆಂಡಿಗೆ ಸುಮಾರು 2,960 ಅಡಿ ವೇಗದಲ್ಲಿ ಕಳಿಸುತ್ತದೆ, ಶಕ್ತಿ ಸುಮಾರು 1,945 ಅಡಿ-ಪೌಂಡ್. ನಮ್ಮಲ್ಲಿ ಕೆಲವರು ಸದ್ದಿಲ್ಲದ ಕೋವಿಯೆಂದು ಮೆಚ್ಚುವ .22 ರಿಮ್‌ಫೈರ್ ತೋಟಾದ ಶಕ್ತಿ ನೂರೈವತ್ತರ ಆಸುಪಾಸಿನದು. ಎರಡು ನಳಿಗೆಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ರಂಧ್ರದ ವ್ಯತ್ಯಾಸ ಒಂದು ಕೂದಲಿನಷ್ಟು. ಮೃಗದ ಪಾಲಿಗೆ ಅದು ನಿಂತಲ್ಲೇ ಬೀಳುವುದಕ್ಕೂ ಹೊಟ್ಟೆಯಲ್ಲಿ ಸೀಸ ಹೊತ್ತು ಮೂರು ದಿನ ನರಳುವುದಕ್ಕೂ ಇರುವ ವ್ಯತ್ಯಾಸ.

ಹಾಗಾದರೆ ದೊಡ್ಡ ಕೋವಿಯನ್ನೇ ಹಿಡಿಯಬಾರದೇಕೆ? ಕೋವಿ ಒದೆಯುತ್ತದೆ. ಹೆಗಲಿಗೆ ಬೀಳುವ ಒದೆತಕ್ಕೆ ಅಂಜಿದವನು ಕುದುರೆ ಎಳೆಯುವ ಕ್ಷಣದಲ್ಲಿ ತನಗರಿವಿಲ್ಲದೆ ಮೈ ಬಿಗಿಯುತ್ತಾನೆ, ಕಣ್ಣು ಮುಚ್ಚುತ್ತಾನೆ. ಗುಂಡು ಎದೆಗೂಡನ್ನು ಬಿಟ್ಟು ಹೊಟ್ಟೆಗೋ ಕಾಲಿಗೋ ತಗಲುತ್ತದೆ. ಸಣ್ಣ ಕೋವಿಯ ಒದೆತ ಹಗುರ. ಹೊಸಬರೂ ಹಗುರ ಮೈಯವರೂ ಅದರಲ್ಲಿ ನೆಟ್ಟಗೆ ಗುರಿಯಿಡಬಲ್ಲರು. ಸರಿಯಾದ ಜಾಗಕ್ಕೆ ತಗಲಿದ ಸಣ್ಣ ಗುಂಡು ತಪ್ಪು ಜಾಗಕ್ಕೆ ತಗಲಿದ ದೊಡ್ಡ ಗುಂಡಿಗಿಂತ ಮೇಲು ಎಂಬುದು ಅಲ್ಲಿನ ಅನುಭವಿಗಳ ನಿಲುವು. ಚಂಪಾವತ್‌ನ ನರಭಕ್ಷಕ ಹೆಣ್ಣುಹುಲಿಯನ್ನು ಕೊಂದುದಕ್ಕಾಗಿ 1907ರಲ್ಲಿ ಜಿಮ್ ಕಾರ್ಬೆಟ್ಟರಿಗೆ ಉಡುಗೊರೆಯಾಗಿ ಬಂದ .275 ರಿಗ್ಬಿ ಕೂಡ ಆ ಕಾಲದ ಲೆಕ್ಕದಲ್ಲಿ ಸಣ್ಣ ನಳಿಗೆಯ ಬೋಲ್ಟ್ ರೈಫಲ್ಲೇ. ಬಾಗಿಲ ಅಗುಳಿಯಂತೆ ಕೈಯಿಂದ ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ಭದ್ರಪಡಿಸುವ ಈ ರಚನೆಯಲ್ಲಿ ಪ್ರತಿ ಗುಂಡಿಗೂ ಒಮ್ಮೆ ಕೈಯಾಡಿಸಲೇಬೇಕು. ಎರಡನೆಯ ಗುಂಡಿನ ಭರವಸೆಯಲ್ಲಿ ಮೊದಲನೆಯದನ್ನು ಹಾಳುಮಾಡುವ ಚಪಲಕ್ಕೆ ಇದೊಂದು ಕಡಿವಾಣ.

ನಳಿಗೆಯ ಒಳಗಿನ ತಿರುಚನ್ನೂ ನೋಡಬೇಕು. ಅದೇ 1955ರಲ್ಲಿ ರೆಮಿಂಗ್ಟನ್ ಕಂಪನಿ ಅದೇ ದಪ್ಪದ ‘.244’ ಎಂಬ ತೋಟಾವನ್ನು ತಂದಿತು. ನರಿಯಂಥ ಸಣ್ಣ ಪ್ರಾಣಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಅದರ ನಳಿಗೆಗೆ ಹನ್ನೆರಡು ಅಂಗುಲಕ್ಕೊಂದು ಸುತ್ತು ಕೊಟ್ಟಿದ್ದರು. ವಿಂಚೆಸ್ಟರಿನದು ಹತ್ತು ಅಂಗುಲಕ್ಕೊಂದು. ಜಿಂಕೆಗೆ ಬೇಕಾದ ಉದ್ದನೆಯ ಭಾರದ ಗುಂಡನ್ನು ಆ ಸಡಿಲ ತಿರುಚು ನೆಟ್ಟಗೆ ತಿರುಗಿಸಲಾರದೆಂದು ಜನ ಅದನ್ನು ಕೈಬಿಟ್ಟರು. ಬೇಟೆ ಯಾವುದೆಂದು ಮೊದಲೇ ನಿರ್ಧರಿಸದೆ ಕೋವಿಯನ್ನು ಆರಿಸಲಾಗದು.

ಇನ್ನು ಸೀಸದ ಮಾತು. ನಮಗೆ ಅತ್ಯಂತ ಮುಖ್ಯವೆನಿಸುವುದು ಇದೇ. ವೇಗದ ಸೀಸದ ಗುಂಡು ಮಾಂಸದಲ್ಲಿ ಕಣಕಣವಾಗಿ ಚೆದುರುತ್ತದೆ. ಬೇಟೆಗಾರ ಗುಡ್ಡದಲ್ಲೇ ಬಿಟ್ಟುಬಂದ ಕರುಳನ್ನು ಹದ್ದು ಕಾಗೆಗಳು ತಿನ್ನುತ್ತವೆ, ಸೀಸ ಅವುಗಳ ರಕ್ತಕ್ಕೆ ಸೇರುತ್ತದೆ. 1987ರಲ್ಲಿ ಇಡೀ ಜಗತ್ತಿನಲ್ಲಿ ಕೇವಲ 27 ಉಳಿದಿದ್ದ ಕ್ಯಾಲಿಫೋರ್ನಿಯಾ ಕಾಂಡೋರ್ ಹಕ್ಕಿಗಳನ್ನು ಹಿಡಿದು ಸಾಕಿ ಮರಳಿ ಬಿಟ್ಟ ಮೇಲೂ ಅವುಗಳ ಸಾವಿಗೆ ಮುಖ್ಯ ಕಾರಣವಾದದ್ದು ಈ ಸೀಸ. 2013ರಲ್ಲಿ ಅಂಗೀಕಾರವಾದ ಕಾನೂನಿನಂತೆ ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಪೂರ್ಣ ನಿಷಿದ್ಧ. ಡೈಕ್ಲೋಫಿನಾಕ್ ಬೆರೆತ ದನದ ಹೆಣಗಳಿಂದ ರಣಹದ್ದುಗಳನ್ನು ಕಳೆದುಕೊಂಡ ನಮಗೆ ಈ ಕಥೆ ಅಪರಿಚಿತವಲ್ಲ.

ಸೀಸದ ಬದಲು ತಾಮ್ರ ಬಳಸೋಣವೆಂದರೆ ಸಣ್ಣ ಕೋವಿಗೆ ತೊಡಕು ಬಂತು. ತಾಮ್ರ ಹಗುರ. ಅದೇ ತೂಕ ಬರಬೇಕಾದರೆ ಗುಂಡು ಉದ್ದವಾಗಬೇಕು, ಉದ್ದವಾದರೆ ಹಳೆಯ ನಳಿಗೆಯ ತಿರುಚು ಸಾಲದು. ಈ ಕಾರಣದಿಂದಲೇ ಸ್ಕಾಟ್ಲೆಂಡ್ 2023ರ ನವೆಂಬರಿನಲ್ಲಿ ಕನಿಷ್ಠ ತೂಕವನ್ನು 100ರಿಂದ 80 ಗ್ರೇನಿಗೆ ಇಳಿಸಿತು. ಶಕ್ತಿಯ ಮಿತಿಯನ್ನು ಮಾತ್ರ ಇಳಿಸಲಿಲ್ಲ. ವಿಜ್ಞಾನ ಓದುವ ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 1,750 ಅಡಿ-ಪೌಂಡ್ ಮುಟ್ಟಲು 100 ಗ್ರೇನ್ ಗುಂಡಿಗೆ ಸೆಕೆಂಡಿಗೆ ಸುಮಾರು 2,810 ಅಡಿ ವೇಗ ಸಾಕು, 80 ಗ್ರೇನ್ ಗುಂಡಿಗೆ ಸುಮಾರು 3,140 ಬೇಕು. ಹದ್ದನ್ನು ಉಳಿಸಲು ಮಾಡಿದ ರಿಯಾಯಿತಿ ಜಿಂಕೆಯ ನೋವಿಗೆ ಕಾರಣವಾಗದಂತೆ ಎರಡನ್ನೂ ತೂಗಿ ಮಾಡಿದ ತಿದ್ದುಪಡಿ ಇದು.

ಈಗ ನಮ್ಮ ಊರಿಗೆ ಬರೋಣ. ಇಲ್ಲಿ ಕದ್ದು ನಡೆಯುವ ಶಿಕಾರಿ ಯಾವ ಕೋವಿಯಲ್ಲಿ? ಮದ್ದು ಗಿಡಿದು ಕೇಪು ಇಟ್ಟು ಹೊಡೆಯುವ ನಾಡಕೋವಿಯಲ್ಲಿ, ಬೆಳೆರಕ್ಷಣೆಯ ಹೆಸರಿನಲ್ಲಿ ಪಡೆದ ಚರೆಕೋವಿಯಲ್ಲಿ, ಅದೂ ಕತ್ತಲಲ್ಲಿ, ಟಾರ್ಚಿನ ಬೆಳಕಿಗೆ ಹೊಳೆದ ಎರಡು ಕಣ್ಣುಗಳ ಗುರಿಗೆ. ಗಾಯಗೊಂಡ ಕಡವೆ ಹಳ್ಳದಾಚೆ ಹೋಗಿ ಸತ್ತರೆ ಲೆಕ್ಕಕ್ಕೂ ಬರುವುದಿಲ್ಲ. ಮೃಗವೆಂದು ಭ್ರಮಿಸಿ ಜೊತೆಗಾರನನ್ನೇ ಹೊಡೆದ ಸುದ್ದಿಯನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತಲೇ ಇದ್ದೇವೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಗಳಿಗೆ ಮುಂದುವರಿಸಿತು. ಅದು ಕೋವಿ ಇಟ್ಟುಕೊಳ್ಳುವ ಹಕ್ಕೇ ಹೊರತು ಬೇಟೆಯ ಹಕ್ಕಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂಬತ್ತನೆಯ ಕಲಂ ಬೇಟೆಯನ್ನು ನಿಷೇಧಿಸುತ್ತದೆ. ಬೆಳೆಗೆ ಅಪಾಯ ತರುವ ಕೆಲವು ಪ್ರಾಣಿಗಳ ಬಗ್ಗೆ ಲಿಖಿತ ಅನುಮತಿ ನೀಡಲು ಹನ್ನೊಂದನೆಯ ಕಲಂನಲ್ಲಿ ಅವಕಾಶವಿದೆ.

ಈ ನಿಷೇಧ ಉಳಿಯಬೇಕೆಂಬುದೇ ನಮ್ಮ ನಿಲುವು. ನಮ್ಮ ಕಾಡಿನಲ್ಲಿ ಜಿಂಕೆಯನ್ನು ನಂಬಿದ ಹುಲಿ, ಸೀಳುನಾಯಿಗಳು ಇನ್ನೂ ಇವೆ, ನಮ್ಮ ಮನೆಗಳೂ ಕಾಡಿನೊಳಗೇ ಚೆದುರಿಕೊಂಡಿವೆ, ಗುರಿ ತಪ್ಪಿದ ರೈಫಲ್ ಗುಂಡು ಮೈಲಿಗಟ್ಟಲೆ ಹಾರುತ್ತದೆ. ರೈತನ ನಷ್ಟಕ್ಕೆ ಪರಿಹಾರ ಸಕಾಲಕ್ಕೆ, ಪೂರ್ತಿಯಾಗಿ ಸಿಗಬೇಕೆಂಬ ಹೋರಾಟವನ್ನು ನಾವು ಬಿಟ್ಟಿಲ್ಲ, ಬಿಡುವುದೂ ಇಲ್ಲ. ಹಾಗಿದ್ದೂ ಹನ್ನೊಂದನೆಯ ಕಲಂನ ಅನುಮತಿಯನ್ನು ಸಡಿಲಗೊಳಿಸಬೇಕೆಂದು ಕೇಳುವ ಗೆಳೆಯರು ಮುಂದಿನ ಸಭೆಗೆ ಬರುವಾಗ ಕೆಲವು ಉತ್ತರಗಳನ್ನೂ ತರಲಿ: ಯಾವ ಪ್ರಾಣಿಗೆ ಯಾವ ತೋಟಾ, ಎಷ್ಟು ದೂರದಿಂದ? ಹೊಡೆಯುವವನ ಗುರಿಯನ್ನು ಯಾವ ಹಲಗೆಯ ಮೇಲೆ ಯಾರು ಪರೀಕ್ಷಿಸುತ್ತಾರೆ? ಗಾಯಗೊಂಡು ಓಡಿದ ಮೃಗವನ್ನು ಬೆಳಗಿನ ಜಾವ ಹುಡುಕಿಕೊಂಡು ಹೋಗುವವರು ಯಾರು? ಆ ಉತ್ತರಗಳನ್ನು ಈ ಪುಟಗಳಲ್ಲಿ ಯಥಾವತ್ತಾಗಿ ಪ್ರಕಟಿಸುತ್ತೇವೆ.