ಯಾರ ಕೆನ್ನೆ? ಯಾರ ತೃಪ್ತಿ?

ಕೆನ್ನೆಗೆ ಸೂಜಿ ಚುಚ್ಚಿ ಗುಳಿ ತುಂಬಿಸುವ ದಂಧೆ ನಮ್ಮ ಪೇಟೆಗಳಿಗೂ ಬಂದಿದೆ. ಫಿಲ್ಲರ್ ಅಂತ ಅದರ ಹೆಸರು. ಸುಕ್ಕು ಮಾಯ, ವಯಸ್ಸು ಮಾಯ, ಗಿರಾಕಿಗೆ ಪೂರ್ತಿ ತೃಪ್ತಿ! ಸರಿ ಸ್ವಾಮಿ, ಯಾವ ಗಿರಾಕಿಗೆ?

2004ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸ್ಕಲ್ಪ್ಟ್ರಾ ಎಂಬ ಫಿಲ್ಲರಿಗೆ ಒಪ್ಪಿಗೆ ಕೊಟ್ಟಿತು. ಯಾರಿಗಾಗಿ? ಎಚ್‌ಐವಿ ಇದ್ದವರ ಬತ್ತಿದ ಕೆನ್ನೆಗಾಗಿ. ಸುಕ್ಕಿನವರಿಗೆ ಅದು ಸಿಕ್ಕಿದ್ದು ಆಮೇಲೆ, 2009ರಲ್ಲಿ.

ಅದೇ 2004ರ ಏಪ್ರಿಲಿನಲ್ಲಿ ನಮ್ಮ ಸರ್ಕಾರ ಎಚ್‌ಐವಿಗೆ ಪುಕ್ಕಟೆ ಮಾತ್ರೆ ಕೊಡಲು ಶುರುಮಾಡಿತು. ಮೊದಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಮಾತ್ರೆಗಳಲ್ಲಿ ಸ್ಟಾವುಡಿನ್ ಇತ್ತು. ಅಗ್ಗದ ಮದ್ದು. ಜೀವ ಉಳಿಸಿತು, ಇದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ವರ್ಷಗಟ್ಟಲೆ ನುಂಗಿದ ಎಷ್ಟೋ ಮಂದಿಯ ಕೆನ್ನೆ, ಕೈಕಾಲುಗಳ ಕೊಬ್ಬನ್ನು ಕರಗಿಸಿಬಿಟ್ಟಿತು. ಕರಗಿದ್ದು ಬಹುಮಟ್ಟಿಗೆ ಮರಳಿ ಬರುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಕೈಬಿಡಿ ಎಂದದ್ದು 2009ರಲ್ಲಿ. ಅಷ್ಟರೊಳಗೆ ಕೂಲಿಯವರ ಮುಖವೇ ಊರಿಗೆಲ್ಲ ರೋಗ ಸಾರುವ ಡಂಗುರವಾಗಿತ್ತು. ಗುರುತು ಹತ್ತಿದರೆ ಏನಾಗುತ್ತದೆ? ಬೇರೆ ಲೋಟ, ದೂರದ ಜಗುಲಿ. ಇದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹೀಗೆ ಮುಖ ಬತ್ತಿ ಮನಸ್ಸು ಕುಸಿದವರ ಸೂಜಿಯ ಖರ್ಚು ಕೊಡಲು ಅಮೆರಿಕದ ಸರ್ಕಾರಿ ವಿಮೆ ಮೆಡಿಕೇರ್ 2010ರಲ್ಲಿ ಒಪ್ಪಿತು. ಅಲ್ಲಿ ಅದು ಚಿಕಿತ್ಸೆ. ಇಲ್ಲಿ ದುಡ್ಡಿದ್ದವರ ಕ್ಲಿನಿಕ್ಕಿನ ಸರಕು.

ಇನ್ನು ಸುರಕ್ಷತೆ. ಮದ್ದು ರಕ್ತನಾಳದೊಳಕ್ಕೆ ಹೋದರೆ ಚರ್ಮ ಸಾಯಬಹುದು, ಕಣ್ಣೇ ಹೋಗಬಹುದು. ಅಪರೂಪ, ನಿಜ. ಆದರೆ ಹೋದ ಕಣ್ಣು ವಾಪಸ್ ಬರೋದು ಇನ್ನೂ ಅಪರೂಪ. ಹೈಲುರಾನಿಕ್ ಆಮ್ಲದ ಫಿಲ್ಲರನ್ನಾದರೆ ಹೈಲುರಾನಿಡೇಸ್ ಚುಚ್ಚಿ ಕರಗಿಸಬಹುದು. ಸ್ಕಲ್ಪ್ಟ್ರಾವನ್ನು ಹಾಗೆ ಕರಗಿಸಲಾಗದು. ಇದನ್ನು ಹೇಳದೆ ಇಂಗ್ಲಿಷ್ ಕಾಗದಕ್ಕೆ ಸಹಿ ಹಾಕಿಸಿಕೊಂಡರೆ ಅದು ಮೋಸ.

ತೃಪ್ತಿಯ ಲೆಕ್ಕವೂ ಹಾಗೇ. ಚುಚ್ಚಿಸಿಕೊಂಡವರನ್ನು ಕೇಳಿ ಬರೆದದ್ದು. ಕ್ಲಿನಿಕ್ಕಿನ ಮೆಟ್ಟಿಲು ಹತ್ತಲಾಗದವರನ್ನು ಯಾರು ಕೇಳಿದರು?

ನಾವು ಒತ್ತಾಯಿಸುತ್ತೇವೆ: ಸರ್ಕಾರದ ಮಾತ್ರೆಯಿಂದ ಬತ್ತಿದ ಮುಖಗಳ ಲೆಕ್ಕ ತೆಗೆಯಿರಿ. ಬೇಕೆಂದವರಿಗೆ ಅಪಾಯಗಳನ್ನು ಕನ್ನಡದಲ್ಲಿ ತಿಳಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ, ತರಬೇತಿಯಾದ ಡಾಕ್ಟರ ಕೈಯಿಂದ ಪುಕ್ಕಟೆ ಚಿಕಿತ್ಸೆ ಕೊಡಿಸಿ. ಬೇಡವೆಂದವರನ್ನು ಇದ್ದ ಮುಖದಲ್ಲೇ ತಲೆಯೆತ್ತಿ ಬಾಳಲು ಬಿಡಿ. ಮೇಷ್ಟ್ರುಗಳೇ, ವಿದ್ಯಾರ್ಥಿ ಗೆಳೆಯರೇ, ನಿಮ್ಮೂರಿನಲ್ಲಿ ಇಂಥ ಮುಖ ಕಂಡರೆ ಪಕ್ಕದಲ್ಲಿ ಕೂತು ಒಂದೇ ತಟ್ಟೆಯಲ್ಲಿ ಉಣ್ಣಿ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಕಾಗಿಲ್ಲ.