ಮಸಾಲೆ ಅಂದ್ರೆ ಬೈಗುಳವೇ?

"ಬರೀ ಮಸಾಲೆ ಪಿಕ್ಚರ್ ಬಿಡ್ರಿ" ಅಂತ ಹಾವೇರಿ ಬಸ್‌ಸ್ಟ್ಯಾಂಡಿನಾಗ ಒಬ್ಬ ಮೂಗು ಮುರಿದ. ರಾಣೆಬೆನ್ನೂರಿನ ಅಭಿಮಾನಿ ತೋಳೇರಿಸಿದ! ತಡಿಯೋ ತಮ್ಮಾ. ಮಸಾಲೆ ಅರಬ್ಬೀ ಮೂಲದ ಮಾತು. ಅಲ್ಲಿ ಅದರ ಅರ್ಥ 'ಹಿತ, ಒಳಿತು'. ಪಾರ್ಸಿ, ಉರ್ದು ದಾಟಿ 'ಬೇಕಾದ ಸಾಮಗ್ರಿ' ಆಯ್ತು, ಆಮೇಲೆ ಅಡುಗೆಮನೆ ಹೊಕ್ಕಿತು. ಹಾಡು, ಹೊಡೆದಾಟ, ಕಣ್ಣೀರು, ನಗೆ ಎಲ್ಲಾ ಬೆರೆಸಿದ 1970ರ ದಶಕದ ಹಿಂದಿ ಚಿತ್ರಗಳಿಗೆ ಅದೇ ಹೆಸರು ಅಂಟಿತು. ಬೈಗುಳ ಎಲ್ಲಿ ಬಂತು?

ಹದ ಅಂದ್ರೇನು, ಬ್ಯಾಡಗಿಯವರನ್ನ ಕೇಳ್ರಿ. 2011ರಲ್ಲಿ ಜಿ.ಐ. ಮಾನ್ಯತೆ ಪಡೆದ ಅವರ ಮೆಣಸಿನಕಾಯಿಗೆ ಬಣ್ಣ ಕಡುಗೆಂಪು, ಖಾರ ಕಮ್ಮಿ. ಅದರಿಂದ ತೆಗೆದ ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗ್ತದ. ನಿಮ್ಮ ನಾಯಕಿಯ ತುಟಿ ಮೇಲೂ ಬ್ಯಾಡಗಿ ಇದ್ದೀತು!

ಇಷ್ಟು ಹೇಳೋದ್ರೊಳಗ ಇಬ್ಬರೂ ಮ್ಯಾಟ್ನಿಗೆ ಓಡಿದ್ರು.