ಕೈಗುಣ ಮತ್ತು ಬಾಯಿಗುಣ

ಕಳೆದ ತಿಂಗಳು ಹತ್ತನೆಯ ತರಗತಿಗೆ ಕಣ್ಣಿನ ಪಾಠ ಮಾಡುತ್ತಿದ್ದೆ. ಕರಿಹಲಗೆಯ ಮೇಲೆ ಪಾಪೆ, ಮಸೂರ, ಅಕ್ಷಿಪಟಲಗಳನ್ನು ಬರೆದು ಮುಗಿಸುವಷ್ಟರಲ್ಲಿ ಮೂರನೆಯ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಸಾರ್, ನಮ್ಮಜ್ಜಿಗೆ ಎರಡು ಕಣ್ಣಿಗೂ ಪೊರೆ ಬಂದಿದೆ. ಅಕ್ಕಿಯಲ್ಲಿ ಕಲ್ಲು ಆರಿಸೋಕೂ ಆಗಲ್ಲ. ಆದ್ರೂ ಆಪರೇಷನ್ ಮಾತ್ರ ಬೇಡ ಅಂತಾರೆ. ಏನು ಮಾಡೋದು ಸಾರ್?" ಎಂದಳು. ಹುಡುಗರಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ನಮ್ಮ ತಾಯಿಯ ನೆನಪಾಯಿತು.

2011ರಲ್ಲಿ ನಮ್ಮ ತಾಯಿಯ ಬಲಗಣ್ಣಿಗೆ ಪೊರೆಯ ಶಸ್ತ್ರಚಿಕಿತ್ಸೆಯಾಯಿತು. ವೈದ್ಯರು ಹೆಸರಾಂತರು, 'ಅವರ ಕೈಗುಣ ಚೆನ್ನಾಗಿದೆ' ಎಂದು ಊರೆಲ್ಲ ಹೇಳುತ್ತಿತ್ತು. ಅದು ಸುಳ್ಳಾಗಲಿಲ್ಲ. ತಿಂಗಳು ಕಳೆಯುವುದರೊಳಗೆ ಅಮ್ಮ ಪಂಚಾಂಗದ ಸಣ್ಣಕ್ಷರ ಓದತೊಡಗಿದರು. ಇನ್ನು ಎಡಗಣ್ಣಿನದನ್ನೂ ಮಾಡಿಸೋಣವೆಂದರೆ, "ಒಂದು ಕಣ್ಣು ಸಾಕು ಬಿಡು" ಎಂದುಬಿಟ್ಟರು. ವಯಸ್ಸಾದವರ ಹಟ ಎಂದುಕೊಂಡು ನಾನೂ ಸುಮ್ಮನಾದೆ.

ಮೂರು ವರ್ಷ ಹೀಗೆಯೇ ಕಳೆಯಿತು. ಒಂದು ದಿನ ಬಚ್ಚಲಮನೆಯ ಮೆಟ್ಟಿಲು ಇಳಿಯುವಾಗ ಅಂದಾಜು ತಪ್ಪಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡರು. ಎರಡೂ ಕಣ್ಣುಗಳ ನೋಟ ಸೇರಿದಾಗಲೇ ಆಳ-ದೂರಗಳ ಅಂದಾಜು ಸರಿಯಾಗಿ ಸಿಗುವುದೆಂದು ನಾನು ಪ್ರತಿವರ್ಷ ಪಾಠ ಮಾಡುತ್ತೇನೆ. ನನ್ನ ಮನೆಯಲ್ಲೇ ಅದರ ಉದಾಹರಣೆ ಸಿಕ್ಕಿತು.

ಕೈಗೆ ಹಿಟ್ಟಿನ ಪಟ್ಟು ಹಾಕಿಸಿಕೊಂಡು ಕೂತಿದ್ದ ಅಮ್ಮನನ್ನು, ಆಪರೇಷನ್ ಎಂದರೆ ಅಷ್ಟೇಕೆ ಹೆದರಿಕೆ ಎಂದು ಆ ದಿನ ಮೊದಲ ಬಾರಿಗೆ ಕೇಳಿದೆ. ಅವರು ಹೇಳಿದ್ದು ಇಷ್ಟು: "ಮುಖದ ತುಂಬ ಬಟ್ಟೆ ಹೊದಿಸಿದರು. ಯಾಕೆ ಅಂತ ಯಾರೂ ಹೇಳಲಿಲ್ಲ. ಉಸಿರು ಕಟ್ಟಿದ ಹಾಗಾಯಿತು. ಏನೋ ಯಂತ್ರ ಗುಂಯ್ ಅಂತು. ಬಣ್ಣ ಬಣ್ಣದ ಬೆಳಕು ಕಂಡಾಗ ಕಣ್ಣು ಹೋಯಿತು ಅಂತಲೇ ಅಂದುಕೊಂಡೆ. ಕೈ ಎತ್ತಿದೆ. ಡಾಕ್ಟರು ಕೂಗಿಬಿಟ್ಟರು. ಆಮೇಲೆ ಕೈ ಕಟ್ಟಿದರು."

ಆ ವೈದ್ಯರು ಕೂಗಿದ್ದೇಕೆ? ಅದಕ್ಕೂ ಕಾರಣವಿದೆ. ನಮ್ಮ ಕಣ್ಣಿನ ಮಸೂರ ಪಾರದರ್ಶಕವಾದ ಪ್ರೋಟೀನುಗಳಿಂದ ಆದದ್ದು. ವಯಸ್ಸಾದಂತೆ ಈ ಪ್ರೋಟೀನುಗಳು ಮುದ್ದೆಗಟ್ಟಿ ಮಸೂರ ಮಬ್ಬಾಗುತ್ತದೆ. ಇದೇ ಪೊರೆ. ಮೂರು ಮಿಲಿಮೀಟರಿಗೂ ಚಿಕ್ಕದಾದ ಗಾಯ ಮಾಡಿ, ಶ್ರವಣಾತೀತ ಕಂಪನದಿಂದ ಮಬ್ಬಾದ ಮಸೂರವನ್ನು ಪುಡಿಮಾಡಿ, ಹೀರಿ ತೆಗೆದು, ಅದೇ ಜಾಗದಲ್ಲಿ ಕೃತಕ ಮಸೂರವನ್ನು ಕೂರಿಸುತ್ತಾರೆ. ಹಾಗೆ ಕೂರಿಸಲು ಮಸೂರದ ಹಿಂಬದಿಯ ಚೀಲ ಹರಿಯದೆ ಉಳಿಯಬೇಕು. ಆ ಚೀಲದ ದಪ್ಪವೋ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ! ಅಂಥ ಹೊತ್ತಿನಲ್ಲಿ ರೋಗಿ ತಟ್ಟನೆ ಅಲುಗಾಡಿದರೆ ಎಂಥ ನುರಿತ ಕೈಯೂ ತಪ್ಪಬಹುದು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ಪೂರ್ತಿ ಅರಿವಳಿಕೆ ಕೊಡುವುದಿಲ್ಲ. ಹನಿ ಹಾಕಿ ಅಥವಾ ಇಂಜೆಕ್ಷನ್ ಕೊಟ್ಟು ಕಣ್ಣನ್ನಷ್ಟೇ ಮರಗಟ್ಟಿಸುತ್ತಾರೆ. ಕಿವಿ ಎಚ್ಚರವಾಗಿರುತ್ತದೆ, ಮನಸ್ಸು ಇನ್ನೂ ಹೆಚ್ಚು ಎಚ್ಚರವಾಗಿರುತ್ತದೆ. ಹೆದರಿದ ಮನುಷ್ಯ ಅಲುಗಾಡುತ್ತಾನೆ, ಧೈರ್ಯವಿದ್ದವನು ಸುಮ್ಮನೆ ಮಲಗಿರುತ್ತಾನೆ. ಆದ್ದರಿಂದ ವೈದ್ಯರು ಆಡುವ ಸಮಾಧಾನದ ಮಾತು ಬರಿಯ ಸೌಜನ್ಯವಲ್ಲ, ಕೌಶಲದ್ದೇ ಒಂದು ಭಾಗ.

ಮಾತಿಗೆ ಇಷ್ಟೊಂದು ಶಕ್ತಿಯಿದೆಯೇ ಎಂದು ಅನುಮಾನಿಸುವವರಿಗೆ ಒಂದು ಪ್ರಯೋಗದ ಬಗ್ಗೆ ಹೇಳುತ್ತೇನೆ. ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಲಾರೆನ್ಸ್ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞರೂ ಅವರ ಸಂಗಡಿಗರೂ ನಡೆಸಿದ ಈ ಪ್ರಯೋಗದ ವರದಿ 1964ರಲ್ಲಿ ಪ್ರಕಟವಾಯಿತು. ಹೊಟ್ಟೆಯ ಶಸ್ತ್ರಚಿಕಿತ್ಸೆಗೆ ಬಂದ 97 ಮಂದಿಯನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರಿಗೆ ನೋವು ಎಲ್ಲಿ ಬರುತ್ತದೆ, ಏಕೆ ಬರುತ್ತದೆ, ಹೇಗೆ ಮೈ ಸಡಿಲಿಸಿದರೆ ಕಡಿಮೆಯಾಗುತ್ತದೆ ಎಂಬುದನ್ನು ಅರಿವಳಿಕೆ ತಜ್ಞರು ಕುಳಿತು ತಿಳಿಸಿಹೇಳಿದರು. ಇನ್ನೊಂದು ಗುಂಪಿಗೆ ಈ ವಿವರಣೆ ಇರಲಿಲ್ಲ. ಯಾರು ಯಾವ ಗುಂಪಿನವರೆಂಬುದು ಶಸ್ತ್ರಚಿಕಿತ್ಸಕರಿಗೆ ಗೊತ್ತಿರಲಿಲ್ಲ.

ಫಲಿತಾಂಶ ನೋಡಿ. ವಿವರಣೆ ಕೇಳಿದವರಿಗೆ ನೋವು ನಿವಾರಕ ಮಾದಕ ಔಷಧಿ ಸುಮಾರು ಅರ್ಧದಷ್ಟೇ ಸಾಕಾಯಿತು. ಅವರು ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ವಿದ್ಯಾರ್ಥಿಗಳೇ, ಗುಂಪುಗಳ ವಿಷಯವನ್ನು ಶಸ್ತ್ರಚಿಕಿತ್ಸಕರಿಂದ ಮುಚ್ಚಿಟ್ಟದ್ದೇಕೆ? ಯೋಚಿಸಿ. ಮನೆಗೆ ಕಳಿಸುವ ತೀರ್ಮಾನ ಅವರದು. ಗೊತ್ತಿದ್ದರೆ ಅವರಿಗೇ ಅರಿವಿಲ್ಲದೆ ಒಂದು ಗುಂಪಿನ ಕಡೆ ವಾಲುತ್ತಿದ್ದರು. ಒಳ್ಳೆಯ ಪ್ರಯೋಗವೆಂದರೆ ಹೀಗಿರಬೇಕು.

ನಮ್ಮ ಮನೆಯ ಕಥೆಗೆ ಮರಳೋಣ. ಅಮ್ಮನ ಕೈ ವಾಸಿಯಾದ ಮೇಲೆ ಬೇರೊಂದು ಊರಿನ ವೈದ್ಯೆಯೊಬ್ಬರ ಬಳಿಗೆ, 'ಬರೀ ತೋರಿಸಿಕೊಂಡು ಬರೋಣ' ಎಂದು ಒಪ್ಪಿಸಿ ಕರೆದೊಯ್ದೆ. ಹೊರಗೆ ಜನ ಕಿಕ್ಕಿರಿದಿದ್ದರು. ಆದರೂ ಆಕೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತು, "ಅಮ್ಮಾ, ಹೋದ ಸಲ ಏನು ತೊಂದರೆಯಾಯಿತು ಹೇಳಿ" ಎಂದರು. ಅಮ್ಮ ಎಲ್ಲ ಹೇಳಿಕೊಂಡರು. ವೈದ್ಯೆ ಮೊದಲಿನವರನ್ನು ಹಳಿಯಲಿಲ್ಲ. "ಬಟ್ಟೆ ನಾವೂ ಹಾಕ್ತೀವಿ, ಕಣ್ಣಿಗೆ ನಂಜಾಗಬಾರದು ಅಂತ. ಉಸಿರಿಗೆ ಗಾಳಿ ಬರೋ ಹಾಗೆ ನೋಡ್ಕೊಳ್ತೀವಿ. ಬಣ್ಣದ ಬೆಳಕು ಕಾಣುತ್ತೆ, ಅದು ನಮ್ಮ ದೀಪದ್ದು. ತಣ್ಣಗೆ ನೀರು ಹರಿದ ಹಾಗೆ ಅನ್ನಿಸುತ್ತೆ. ಕೆಮ್ಮು ಬರೋ ಹಾಗಿದ್ದರೆ ತಲೆ ಅಲ್ಲಾಡಿಸದೆ ಬಾಯಲ್ಲಿ ಹೇಳಿ, ನಾನು ಕೈ ತೆಗೀತೀನಿ" ಎಂದರು. ಒಟ್ಟು ಐದು ನಿಮಿಷವೂ ಹಿಡಿಯಲಿಲ್ಲ. ಮುಂದಿನ ವಾರವೇ ಶಸ್ತ್ರಚಿಕಿತ್ಸೆ ಮುಗಿಯಿತು. ಯಾರೂ ಕೈ ಕಟ್ಟಲಿಲ್ಲ.

ಬಸ್ಸಿನಲ್ಲಿ ಹಿಂದಿರುಗುವಾಗ ಅಮ್ಮ, "ಅಲ್ಲ ಕಣೋ, ಇಷ್ಟೇ ಅಂತ ಅವತ್ತೇ ಹೇಳಿದ್ದರೆ ಮೂರು ವರ್ಷ ಯಾಕೆ ಹಾಗೇ ಕೂತಿರ್ತಿದ್ದೆ?" ಎಂದರು. ಅದು ಮೊದಲಿನ ವೈದ್ಯರ ಮೇಲಿನ ದೂರು ಎಂದು ಆಗ ತಿಳಿದೆ. ರಾತ್ರಿ ಮಲಗಿದಾಗ ನಿದ್ದೆ ಬರಲಿಲ್ಲ. ಸಾವಿರಾರು ಮಕ್ಕಳಿಗೆ ಮಸೂರದ ಚಿತ್ರ ಬರೆದು ತೋರಿಸಿದವನು ನಾನು. ಹೆತ್ತ ತಾಯಿಗೆ ಅದನ್ನು ಒಮ್ಮೆಯೂ ಬಿಡಿಸಿ ಹೇಳಿರಲಿಲ್ಲ. ಆ ವೈದ್ಯರಿಗಾದರೂ ಹೊರಗೆ ನೂರು ಜನ ಕಾಯುತ್ತಿದ್ದರು. ನನಗೆ ಯಾರು ಕಾಯುತ್ತಿದ್ದರು?

ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಸಿಹಿ ಮಾತಾಡುವವರೆಲ್ಲ ಒಳ್ಳೆಯ ವೈದ್ಯರಲ್ಲ. ಕೈ ನಡುಗುವವರ ಬಾಯಲ್ಲಿ ಜೇನು ಸುರಿದರೆ ಏನು ಬಂತು? ಕೈ ಮೊದಲು. ಮೊದಲಿನ ವೈದ್ಯರು ಕೊಟ್ಟ ಬಲಗಣ್ಣು ಇಂದಿಗೂ ಚೆನ್ನಾಗಿದೆ, ಅದಕ್ಕೆ ನಾವು ಋಣಿಗಳು. ಆದರೆ ಅದೇ ಕೈಯ ಜೊತೆಗೆ ನಾಲ್ಕು ಮಾತು ಸೇರಿದ್ದರೆ ಎಡಗಣ್ಣು ಮೂರು ವರ್ಷ ಕತ್ತಲಲ್ಲಿ ಇರುತ್ತಿರಲಿಲ್ಲ. 'ಕೈಗುಣ' ಎಂದು ನಮ್ಮ ಹಿರಿಯರು ಹೇಳುತ್ತಿದ್ದುದರಲ್ಲಿ ಬಹುಶಃ ಈ ಎರಡೂ ಸೇರಿದ್ದವು.

ಮಗ ಡಾಕ್ಟರಾಗಬೇಕೆಂದು ಆಸೆಪಡುವ ತಂದೆತಾಯಂದಿರು ನೀಟ್ ಅಂಕಗಳ ಲೆಕ್ಕದಲ್ಲಿ ಮುಳುಗಿರುತ್ತಾರೆ. ಅಂಕ ಬೇಕು, ಅದಿಲ್ಲದೆ ಸೀಟಿಲ್ಲ. ಆದರೆ ಮನೆಯ ಅಜ್ಜನ ಪಕ್ಕದಲ್ಲಿ ಹತ್ತು ನಿಮಿಷ ಕೂತು ಅವರ ಮಂಡಿನೋವಿನ ಕಥೆ ಕೇಳುವುದೂ ಓದಿನ ಭಾಗವೇ. 2019ರಿಂದ ನಮ್ಮ ದೇಶದ ಎಂಬಿಬಿಎಸ್ ಪಠ್ಯಕ್ರಮದಲ್ಲಿಯೇ ರೋಗಿಯೊಡನೆ ವರ್ತಿಸುವ, ಮಾತನಾಡುವ ಪಾಠ ಸೇರಿದೆ. ಕಾಲೇಜಿಗೆ ಹೋಗುವವರೆಗೆ ಅದಕ್ಕಾಗಿ ಕಾಯಬೇಕಾಗಿಲ್ಲ.

ಆ ಹುಡುಗಿಗೆ ಒಂದು ಮನೆಗೆಲಸ ಕೊಟ್ಟೆ. ಅಜ್ಜಿಯ ಪಕ್ಕದಲ್ಲಿ ಕೂತು, ಅಲ್ಲಿ ಏನೇನು ನಡೆಯುತ್ತದೆಂದು ಅವರ ಮಾತಿನಲ್ಲೇ ಹೇಳು. 'ಏನೂ ಆಗಲ್ಲ ಅಜ್ಜಿ' ಎಂದು ಮಾತ್ರ ಹೇಳಬೇಡ, ಅದನ್ನು ಯಾರೂ ನಂಬುವುದಿಲ್ಲ ಎಂದೆ. ನಾಲ್ಕು ದಿನ ಬಿಟ್ಟು ಬಂದಳು. "ಸಾರ್, ಅಜ್ಜಿ ಒಂದೇ ಒಂದು ಪ್ರಶ್ನೆ ಕೇಳ್ತಿದಾರೆ. ಮಧ್ಯದಲ್ಲಿ ಕೆಮ್ಮು ಬಂದರೆ ಏನು ಮಾಡಬೇಕು ಅಂತ."

ನನಗೆ ಉತ್ತರ ಗೊತ್ತಿತ್ತು. ಹೇಳಿ ಕಳಿಸಿದೆ.